ಸೇತುವೆ ಕಂಬಗಳಿಗೆ ಕಾರ್ಬನ್ ಫೈಬರ್ ಸುತ್ತಿಸಿದೆವು: ದುಡ್ಡು ಹೋಗಿದ್ದೆಲ್ಲಿ, ಬಲ ಬಂದಿದ್ದೆಲ್ಲಿ

ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರೂವರೆ ಸ್ಟಾರ್. ಕೆಲಸ ಮಾಡಿಸಿದ್ದಕ್ಕೆ ಬೇಜಾರಿಲ್ಲ. ಆದರೆ ಬ್ರೋಷರ್‌ನಲ್ಲಿ ಫಳಫಳ ಹೊಳೆಯುವ ಆ ಕಪ್ಪು ಬಟ್ಟೆಯನ್ನು ನೋಡಿ ದುಡ್ಡು ಕೊಡುವವರು ಒಂದು ನಿಮಿಷ ನಿಲ್ಲಿ. ಕಾರ್ಬನ್ ಫೈಬರ್ ಅಂದರೆ ಇಂಗಾಲದ ಎಳೆಗಳ ಬಟ್ಟೆ, ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟಿನಲ್ಲಿ ನೆನೆಸಿ ಸುತ್ತಿದರೆ ಕಂಬವನ್ನು ಬಿಗಿಯುತ್ತದೆ. ಆದರೆ ಬಟ್ಟೆ ಕೊನೆಯ ಕೆಲಸ. ಅದರ ಒಳಗೆ ಏನು ಮಾಡಿದ್ದಾರೆ ಅನ್ನುವುದೇ ಮುಖ್ಯ. ಕಂಪನಿಯ ಹೆಸರು ಬರೆಯುವುದಿಲ್ಲ. ಅವರ ಮೇಲೆ ಒಂದಿಷ್ಟು ದೂರಿದೆ, ಬಹುಪಾಲನ್ನು ಅವರೇ ಸರಿಮಾಡಿಕೊಟ್ಟರು ಕೂಡ. ನೀವು ಯಾರನ್ನೇ ಕರೆಸಿ, ಏನು ಕೇಳಬೇಕು, ಎಲ್ಲಿ ನಿಂತು ನೋಡಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ನಮ್ಮದು ಕುಂದಾಪುರದ ಹತ್ತಿರ, ಪಂಚಗಂಗಾವಳಿ ನದಿಯ ಹಿನ್ನೀರಿನಲ್ಲಿರುವ ಒಂದು ಸಣ್ಣ ಕುದ್ರು, ಅಂದರೆ ಸುತ್ತ ನೀರಿರುವ ನಡುಗಡ್ಡೆ. ಬೆರಳೆಣಿಕೆಯ ಮನೆಗಳು, ಸುತ್ತ ತೆಂಗಿನ ತೋಟ. ಹಿಂದೆ ದೋಣಿಯೇ ಗತಿ. ತೊಂಬತ್ತರ ದಶಕದಲ್ಲಿ ಹಿರಿಯರೆಲ್ಲ ದುಡ್ಡು ಹಾಕಿ ಒಂದು ಚಿಕ್ಕ ಕಾಂಕ್ರೀಟ್ ಸೇತುವೆ ಕಟ್ಟಿಸಿದರು. ನಾಲ್ಕು ದುಂಡು ಕಂಬ, ಒಂದೊಂದೂ ಎರಡು ಅಡಿ ದಪ್ಪ. ಎರಡು ಕಂಬ ದಡದ ಕಡೆ, ಇಳಿತದಲ್ಲಿ ಬುಡ ಕಾಣುತ್ತದೆ. ಇನ್ನೆರಡು ಯಾವಾಗಲೂ ನೀರಿನಲ್ಲೇ. ಆಟೋ, ಕಾರು, ತೆಂಗಿನಕಾಯಿ ಹೊರುವ ಸಣ್ಣ ಟೆಂಪೊ ಇದರ ಮೇಲೇ ಓಡಾಡುತ್ತವೆ. ಸೇತುವೆಯ ಜಮಾ-ಖರ್ಚು ನೋಡಿಕೊಳ್ಳುವವಳು ನಾನು. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಇದ್ದವಳು, ಹಾಗಾಗಿ ಕಾಗದ ಓದದೆ ಸಹಿ ಹಾಕುವ ಅಭ್ಯಾಸ ಇಲ್ಲ.

ಕಂಬಗಳ ಮೇಲೆ ಕಂದು ಕಲೆ ಬರುತ್ತಿದ್ದುದು ಹಳೇ ಕಥೆ. ಆಮೇಲೆ ಉದ್ದುದ್ದ ಬಿರುಕು ಬಂತು. ಕೊನೆಗೆ ಸಿಮೆಂಟಿನ ಹೊದಿಕೆ ಹಪ್ಪಳದಂತೆ ಎದ್ದು ಬಿತ್ತು, ಒಳಗಿನ ಸರಳು ಕಂಡಿತು. ಎಲ್ಲ ಕಂಬಗಳಲ್ಲೂ ಹಾಳಾಗಿದ್ದು ಒಂದೇ ಪಟ್ಟಿ: ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಜಾಗ. ಇದಕ್ಕೆ ಕಾರಣ ಸರಳ. ಉಬ್ಬರದಲ್ಲಿ ಉಪ್ಪುನೀರು ಕಾಂಕ್ರೀಟಿನೊಳಗೆ ಇಳಿಯುತ್ತದೆ. ಇಳಿತದಲ್ಲಿ ನೀರು ಆರುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ, ಗಾಳಿಯೂ ಒಳಗೆ ಹೋಗುತ್ತದೆ. ದಿನಕ್ಕೆ ಎರಡು ಸಲ ಇದೇ ಕೆಲಸ. ಒಳ್ಳೆಯ ಕಾಂಕ್ರೀಟಿನ ಪಿಎಚ್ 12ರ ಮೇಲಿರುತ್ತದೆ, ಆ ಕ್ಷಾರದಿಂದಲೇ ಸರಳಿನ ಮೇಲೆ ರಕ್ಷಣೆಯ ತೆಳು ಪದರ ಉಳಿಯುತ್ತದೆ. ಉಪ್ಪಿನ ಕ್ಲೋರೈಡ್ ಅದನ್ನು ಒಡೆದುಬಿಡುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿನ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಜಾಗ ಎಲ್ಲಿದೆ? ಅದಕ್ಕೇ ಕಾಂಕ್ರೀಟ್ ಒಳಗಿನಿಂದ ಸೀಳುತ್ತದೆ. ಸದಾ ನೀರಿನಲ್ಲೇ ಮುಳುಗಿರುವ ಭಾಗಕ್ಕೆ ಗಾಳಿ ಕಡಿಮೆ, ಅಲ್ಲಿ ತುಕ್ಕು ನಿಧಾನ.

ಇಷ್ಟಾದರೂ ನಮ್ಮಲ್ಲಿ "ನೋಡುವ, ಮಳೆಗಾಲ ಕಳೀಲಿ" ಅನ್ನುವ ಮಾತೇ ನಡೆಯುತ್ತಿತ್ತು. 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದ ಮೇಲೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲ, ಅದರ ಮರುದಿನದಿಂದ ಯಾರೂ ಆ ಮಾತು ಆಡಲಿಲ್ಲ.

ಮೊದಲು ಬಂದ ಕಂಪನಿಯವರು ಕಂಬ ನೋಡಿದರು, ಮೊಬೈಲಿನಲ್ಲಿ ಫೋಟೊ ತೆಗೆದರು, ಸಂಜೆಗೆ ಕೊಟೇಶನ್ ಕಳಿಸಿದರು. ಮೂರು ಪದರ ಕಾರ್ಬನ್, ಚದರ ಮೀಟರ್ ಲೆಕ್ಕ, ಕೆಳಗೆ ಜಿಎಸ್‌ಟಿ. ಪರೀಕ್ಷೆ ಏನೂ ಇಲ್ಲ. ಮೂರು ಪದರ ಯಾಕೆ, ಎರಡು ಯಾಕಲ್ಲ ಅಂತ ಕೇಳಿದೆ. "ಸೇಫ್ ಸೈಡ್ ಮೇಡಂ" ಅಂದರು. ಅಡಮಾನದ ಬೆಲೆ ಕಟ್ಟದೆ ಸಾಲ ಮಂಜೂರು ಮಾಡಿ ಅಂದರೆ ನಾನು ಮಾಡುತ್ತಿದ್ದೆನಾ? ಅವರಿಗೆ ಕಾಫಿ ಕೊಟ್ಟು ಕಳಿಸಿದೆವು.

ಹಾಗಾಗಿ ಮೊದಲ ಮಾತು ಇದು. ಪರೀಕ್ಷೆ ಮಾಡುವವರು ಬೇರೆ, ಕೆಲಸ ಮಾಡುವವರು ಬೇರೆ ಇರಲಿ. ನಾವು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಫೀಸು ಕೊಟ್ಟು ಕರೆಸಿದೆವು. ಅವರು ಸ್ಪ್ರಿಂಗ್ ಸುತ್ತಿಗೆಯಿಂದ ಮೇಲ್ಮೈ ಗಟ್ಟಿತನ ನೋಡಿದರು, ಅಲ್ಟ್ರಾಸೋನಿಕ್ ಶಬ್ದ ಹಾಯಿಸಿ ಒಳಗಿನ ಬಿರುಕು ನೋಡಿದರು, ಡ್ರಿಲ್ ಮಾಡಿ ಪುಡಿ ತೆಗೆದು ಕ್ಲೋರೈಡ್ ಪರೀಕ್ಷೆಗೆ ಕಳಿಸಿದರು. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಹಾಫ್ ಸೆಲ್ ಅನ್ನುವ ಪರೀಕ್ಷೆ. ಸರಳಿಗೆ ಒಂದು ವೈರ್ ಸಿಕ್ಕಿಸಿ, ಕಂಬದ ಮೇಲೆ ಚೌಕ ಚೌಕ ಗೆರೆ ಹಾಕಿ, ಒಂದೊಂದು ಚೌಕದಲ್ಲೂ ವೋಲ್ಟೇಜ್ ಅಳೆಯುತ್ತಾರೆ. ಮೈನಸ್ 350 ಮಿಲಿವೋಲ್ಟ್‌ಗಿಂತ ಕೆಳಗೆ ಹೋದರೆ ಅಲ್ಲಿ ತುಕ್ಕು ನಡೆಯುತ್ತಿರುವ ಸಾಧ್ಯತೆ 90 ಶೇಕಡಕ್ಕೂ ಜಾಸ್ತಿ. ಹೊರಗೆ ಬಿರುಕೇ ಇಲ್ಲದ, ನೋಡಲು ಚೆನ್ನಾಗಿದ್ದ ಜಾಗದಲ್ಲೂ ನಮ್ಮ ಕಂಬ ಆ ಅಂಕಿ ತೋರಿಸಿತು. ಎಲ್ಲಿ ಒಡೆಯಬೇಕು ಅನ್ನುವ ನಕ್ಷೆ ಸಿಕ್ಕಿದ್ದು ಅಲ್ಲೇ.

ಇನ್ನೊಂದು ವಿಷಯ ಅವರು ಕೇಳಿದ್ದು: "ಕಂಬದ ಬುಡದಲ್ಲಿ ಮರಳು ಇದೆಯಾ?" 2018ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಮುಲ್ಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಬಿದ್ದಾಗ ಊರಿನವರು ಬೈದಿದ್ದು ಮರಳು ತೆಗೆಯುವವರನ್ನು. ಅಡಿಪಾಯದ ಸುತ್ತಿನ ಮರಳು ಕೊಚ್ಚಿಹೋಗಿದ್ದರೆ ಮೇಲೆ ಚಿನ್ನದ ತಗಡು ಸುತ್ತಿದರೂ ಪ್ರಯೋಜನ ಇಲ್ಲ. ಕಾರ್ಬನ್ ಕಂಬವನ್ನು ಬಿಗಿಯುತ್ತದೆ, ಅಡಿಪಾಯಕ್ಕೆ ಏನೂ ಮಾಡುವುದಿಲ್ಲ. ಚಿಪ್ಪು ತೆಗೆಯಲು ಮುಳುಗುವ ನಮ್ಮ ಹುಡುಗರನ್ನೇ ಇಳಿಸಿ ಕೈಯಾಡಿಸಿ ನೋಡಿಸಿದೆವು, ಎಂಜಿನಿಯರ್ ದೋಣಿಯಲ್ಲಿ ನಿಂತು ಕೋಲು ಹಾಕಿ ಆಳ ಅಳೆದರು. ನಮ್ಮ ಪುಣ್ಯ, ಬುಡ ಗಟ್ಟಿ ಇತ್ತು.

ಕಾರ್ಬನ್ನಾ, ಗ್ಲಾಸಾ ಅನ್ನುವ ಚರ್ಚೆ ಒಂದು ವಾರ ನಡೆಯಿತು. ಗ್ಲಾಸ್ ಫೈಬರ್, ಅಂದರೆ ಗಾಜಿನ ಎಳೆಗಳ ಬಟ್ಟೆ, ಅಗ್ಗ. ವಿದ್ಯುತ್ ಹಾಯಿಸುವುದಿಲ್ಲ. ಕಾರ್ಬನ್ ಹಾಯಿಸುತ್ತದೆ, ಉಪ್ಪುನೀರಿನ ಜಾಗದಲ್ಲಿ ಅದು ಸರಳಿಗೆ ನೇರ ತಾಗಿದರೆ ಸರಳೇ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ನಡುವೆ ಕಾಂಕ್ರೀಟೂ ಎಪಾಕ್ಸಿಯೂ ಸರಿಯಾಗಿ ಇರಲೇಬೇಕು. ಇಷ್ಟು ಕೇಳಿದಾಗ ಗ್ಲಾಸೇ ಸಾಕು ಅನಿಸಿತು. ಆಮೇಲೆ ಎಂಜಿನಿಯರ್ ಎಸಿಐ 440.2ಆರ್ ಅನ್ನುವ ಅಮೆರಿಕದ ಮಾರ್ಗಸೂಚಿಯ ಒಂದು ಪುಟ ತೋರಿಸಿದರು. ಹೊರಗಿನ ಕಠಿಣ ವಾತಾವರಣದಲ್ಲಿ ಕಾರ್ಬನ್‌ನ ಬಲವನ್ನು 0.85ರಿಂದ ಗುಣಿಸಿ ಲೆಕ್ಕ ಹಾಕಬೇಕು, ಗ್ಲಾಸಿನದನ್ನು 0.50ರಿಂದ. ಅಂದರೆ ಗ್ಲಾಸಿನ ಬಲದಲ್ಲಿ ಅರ್ಧ ಕಾಗದದ ಮೇಲೇ ಹೋಯಿತು. ಪದರ ಜಾಸ್ತಿ ಹಾಕಬೇಕು, ಕೂಲಿ ಜಾಸ್ತಿ. ಅಗ್ಗ ಅಂದುಕೊಂಡಿದ್ದು ಅಷ್ಟೇನೂ ಅಗ್ಗವಲ್ಲ. ಕೊನೆಗೆ ಮೇಲಿನ ಭಾಗಕ್ಕೆ ಎರಡು ಪದರ ಕಾರ್ಬನ್, ನೀರಿನಲ್ಲಿರುವ ಎರಡು ಕಂಬಗಳ ಉಬ್ಬರ-ಇಳಿತದ ಪಟ್ಟಿಗೆ ಗ್ಲಾಸ್ ಫೈಬರ್ ಕವಚ ಅಂತ ತೀರ್ಮಾನ ಆಯಿತು. ಯಾಕೆ ಹೀಗೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮ ಕಂಬ ದುಂಡಗಿರುವುದು ದೊಡ್ಡ ಅನುಕೂಲ. ಸುತ್ತಿದ ಬಟ್ಟೆ ಎಲ್ಲ ಕಡೆಯಿಂದ ಒಂದೇ ಸಮ ಒತ್ತುತ್ತದೆ. ಚೌಕ ಕಂಬದಲ್ಲಿ ಮೂಲೆಗಳಲ್ಲಿ ಮಾತ್ರ ಹಿಡಿತ, ಮೂಲೆಯನ್ನು ಗ್ರೈಂಡ್ ಮಾಡಿ ದುಂಡಗೆ ಮಾಡದಿದ್ದರೆ ಬಟ್ಟೆ ಅಲ್ಲೇ ಹರಿಯುತ್ತದೆ. ಗೋಡೆಯಂತೆ ಅಗಲವಾದ ಕಂಬವಾದರೆ ಸುತ್ತಿ ಸಿಗುವ ಲಾಭ ತೀರಾ ಕಡಿಮೆ. ಮನೆಯ ಪಾರ್ಕಿಂಗಿನಲ್ಲಿ ಇಂಥ ಕಂಬ ಇರುವವರು ಕೊಟೇಶನ್ ಬರುವ ಮುಂಚೆಯೇ ಇದನ್ನು ಕೇಳಿ.

ಕೆಲಸವನ್ನು ಎರಡನೇ ಕಂಪನಿಗೆ ಕೊಟ್ಟೆವು. ಶುರುವಾಗಿದ್ದು ದೀಪಾವಳಿ ಕಳೆದ ಮೇಲೆ. ಕಬ್ಬಿಣದ ಜಾಕಿಗಳ ಮೇಲೆ ಭಾರ ಕೊಟ್ಟು, ಒಂದು ಕಂಬ ಆದಮೇಲೆ ಇನ್ನೊಂದು. ವಾಹನ ಪೂರ್ತಿ ಬಂದ್. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಎಲ್ಲ ಮತ್ತೆ ದೋಣಿಯಲ್ಲೇ ಬಂತು.

ನಿಜವಾದ ಕೆಲಸ ಅಂದರೆ ಒಡೆಯುವುದು. ಧೂಳು, ಶಬ್ದ, ನೋಡಲು ಏನೂ ಚೆಂದ ಇಲ್ಲ. ಕಂಪನಿಯ ಜಾಹೀರಾತಿನಲ್ಲಿ ಇದರ ಒಂದು ಚಿತ್ರವೂ ಇರುವುದಿಲ್ಲ. ಸಡಿಲವಾದ ಕಾಂಕ್ರೀಟ್ ತೆಗೆದರೆ ಸಾಲದು, ಸರಳಿನ ಹಿಂದೆ ಬೆರಳು ಹೋಗುವಷ್ಟು ಒಡೆಯಬೇಕು. ಸರಳಿನ ಮುಂದೆ ತುಕ್ಕು ತೆಗೆದು ಹಿಂದೆ ಬಿಟ್ಟರೆ ಅದು ಮತ್ತೆ ಅಲ್ಲಿಂದಲೇ ಉಬ್ಬುತ್ತದೆ. ನನ್ನ ಜಗಳ ಆಗಿದ್ದು ಇಲ್ಲೇ. ಎರಡನೇ ಕಂಬದಲ್ಲಿ ಮಧ್ಯಾಹ್ನ ಊಟ ಮುಗಿಸಿ ಹೋದರೆ, ಹುಡುಗರು ಪ್ರೈಮರ್ ಬಳಿಯಲು ತಯಾರಾಗಿದ್ದರು. ನಾನು ಕನ್ನಡಿ ತಗೊಂಡು ಹೋಗಿದ್ದೆ, ಮುಖ ನೋಡುವ ಸಣ್ಣ ಕನ್ನಡಿ. ಸರಳಿನ ಹಿಂದೆ ಹಿಡಿದೆ. ತುಕ್ಕು ಪದರ ಪದರವಾಗಿ ಹಾಗೇ ಇತ್ತು. ಸೂಪರ್‌ವೈಸರ್ ಹುಡುಗ "ಮೇಡಂ, ಪ್ರೈಮರ್‌ನಲ್ಲಿ ಝಿಂಕ್ ಇದೆ, ಏನಾಗಲ್ಲ" ಅಂದ. ಕಾಂಟ್ರ್ಯಾಕ್ಟಿನ ಪುಟ ತೆಗೆದು ಓದಿ ತೋರಿಸಿದೆ: ಸುತ್ತಲೂ ಮರಳು ಊದಿ ಸ್ವಚ್ಛ ಮಾಡಬೇಕು, ಸರಳಿನ ದಪ್ಪ ಅಳೆದು ಬರೆಯಬೇಕು. ಅಳೆದರು. ಒಂದೆರಡು ಕಡೆ ಸರಳು ಕಾಲು ಭಾಗದಷ್ಟು ಸವೆದಿತ್ತು. ಪಕ್ಕದಲ್ಲಿ ಹೊಸ ಸರಳು ಕಟ್ಟಿದರು. ಅವತ್ತು ಪ್ರೈಮರ್ ಬಳಿದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಲ್ವಾ? ಎರಡು ಪದರ ಕಾರ್ಬನ್ ಕೆಳಗೆ ಮುಚ್ಚಿಹೋಗುತ್ತಿತ್ತು. ಅರ್ಧ ಸ್ಟಾರ್ ಕಡಿಮೆ ಆಗಿದ್ದು ಇದಕ್ಕೆ.

ಒಂದು ಒಳ್ಳೆಯ ಕೆಲಸವನ್ನೂ ಹೇಳಬೇಕು. ಹೊಸ ತೇಪೆಯ ಅಂಚಿನಲ್ಲಿ ಸರಳಿಗೆ ಸಣ್ಣ ಸಣ್ಣ ಝಿಂಕ್ ಬಿಲ್ಲೆ ಕಟ್ಟಿದರು. ಒಂದು ಜಾಗ ರಿಪೇರಿ ಮಾಡಿದರೆ ಅದರ ಪಕ್ಕದ ಹಳೇ, ಉಪ್ಪು ತುಂಬಿದ ಕಾಂಕ್ರೀಟಿನಲ್ಲಿ ತುಕ್ಕು ಜೋರಾಗುತ್ತದೆ. ಬಿಲ್ಲೆ ಸರಳಿನ ಬದಲು ತಾನು ಸವೆಯುತ್ತದೆ. ಇದು ಮೊದಲ ಕೊಟೇಶನ್‌ನಲ್ಲಿ ಇರಲಿಲ್ಲ, ಎರಡನೆಯವರು ಕೇಳದೆಯೇ ಸೇರಿಸಿದ್ದರು. ಆಮೇಲೆ ಅಚ್ಚು ಕಟ್ಟಿ ಮೈಕ್ರೊ ಕಾಂಕ್ರೀಟ್ ಸುರಿದು, ಗೋಣಿ ಸುತ್ತಿ ಸಿಹಿನೀರು ಹಾಯಿಸಿದರು. ಕುದ್ರುವಿನ ಬಾವಿಯಲ್ಲಿ ನೀರು ಉಪ್ಪಾಗುವ ಮೊದಲೇ ಈ ಕೆಲಸ ಮುಗಿಯಬೇಕು ಅಂತ ನಾವು ಹಟ ಹಿಡಿದಿದ್ದೆವು, ಮುಗಿಯಿತು.

ಸುತ್ತುವ ದಿನ ಮಾತ್ರ ಕುದ್ರುವಿಗೆ ಕುದ್ರುವೇ ದಂಡೆಯಲ್ಲಿತ್ತು. ಶೀನಣ್ಣ ದೋಣಿ ನಿಲ್ಲಿಸಿ ಕೇಳಿದ: "ಎಂತ ಅಕ್ಕಾ, ಕಂಬಕ್ಕೆ ಸೀರೆ ಉಡ್ಸುದಾ?" ನೋಡಲು ಹಾಗೇ ಇತ್ತು. ಕಾರ್ಬನ್ ಬಟ್ಟೆ ಕೈಗೆ ತೆಳುವಾಗಿ, ನುಣುಪಾಗಿ ಸಿಗುತ್ತದೆ. ನಮ್ಮದು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ, ದಾರದ ಲೆಕ್ಕದಲ್ಲಿ ದಪ್ಪ 0.167 ಮಿಲಿಮೀಟರ್. ಇಷ್ಟು ತೆಳು ವಸ್ತುವಿನ ಎಳೆತದ ಬಲ 3500 ಮೆಗಾಪಾಸ್ಕಲ್‌ಗೂ ಮೇಲೆ. ನಮ್ಮ ಸೇತುವೆಯ ಸರಳು 415ಕ್ಕೇ ಬಾಗಲು ಶುರು. ಇದೇನು ನಿನ್ನೆ ಮೊನ್ನೆ ಬಂದ ವಿದ್ಯೆಯೂ ಅಲ್ಲ. ಸ್ವಿಟ್ಜರ್ಲೆಂಡಿನ ಲುಸರ್ನ್ ಹತ್ತಿರದ ಇಬಾಖ್ ಸೇತುವೆಗೆ 1991ರಲ್ಲೇ ಕಾರ್ಬನ್ ಪಟ್ಟಿ ಅಂಟಿಸಿದ್ದಾರೆ. ಅದು ಕಂಬಕ್ಕಲ್ಲ, ಮೇಲಿನ ಭಾಗಕ್ಕೆ. 175 ಕೆಜಿ ಉಕ್ಕು ಬೇಕಿದ್ದ ಕಡೆ 6.2 ಕೆಜಿ ಕಾರ್ಬನ್ ಸಾಕಾಯಿತು. 1995ರ ಕೋಬೆ ಭೂಕಂಪದ ಮೇಲೆ ಜಪಾನಿನಲ್ಲಿ ಕಂಬಗಳಿಗೆ ಸುತ್ತುವುದು ಜೋರಾಯಿತು.

ಬೆಳಿಗ್ಗೆ ಬೇಗ ಶುರು ಮಾಡಿ ಅಂದರೆ ಸೂಪರ್‌ವೈಸರ್ ಒಪ್ಪಲಿಲ್ಲ. ಇದರಲ್ಲಿ ಅವನದೇ ಸರಿ. ಹಿನ್ನೀರಿನ ಮೇಲೆ ಬೆಳಗಿನ ಇಬ್ಬನಿ ಜಾಸ್ತಿ. ಕಂಬದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಇಲ್ಲದಿದ್ದರೆ ಎಪಾಕ್ಸಿ ಹಿಡಿಯುವುದಿಲ್ಲ. ಕೈಯಲ್ಲಿ ಮೀಟರ್ ಹಿಡಿದು ಕಾದ. ಹತ್ತು ಗಂಟೆ ದಾಟಿದ ಮೇಲೆ ಪ್ರೈಮರ್, ಸಣ್ಣ ಗುಂಡಿಗಳಿಗೆ ಪುಟ್ಟಿ. ಮಾರನೆಯ ದಿನ ಸ್ಯಾಚುರೆಂಟ್, ಅಂದರೆ ಬಟ್ಟೆ ನೆನೆಸುವ ಎಪಾಕ್ಸಿ. ಎರಡು ಡಬ್ಬಿಯ ದ್ರವ ತೂಕ ಮಾಡಿ ಬೆರೆಸುತ್ತಾರೆ. ಬಿಸಿಲಿನಲ್ಲಿ ಅರ್ಧ ಗಂಟೆ ತಡವಾದರೆ ಬಕೆಟ್ಟಿನಲ್ಲೇ ಕಾದು ಹೊಗೆಯಾಡುತ್ತದೆ. ಕಂಬಕ್ಕೆ ಒಂದು ಕೋಟು, ಅದರ ಮೇಲೆ ಬಟ್ಟೆ, ದಾರದ ದಿಕ್ಕು ಕಂಬವನ್ನು ಸುತ್ತುವ ಹಾಗೆ. ಗೆರೆಗೆರೆಯ ರೋಲರ್‌ನಿಂದ ಒತ್ತಿ ಒತ್ತಿ ಗಾಳಿ ಹೊರಗೆ ಹಾಕಬೇಕು. ಎಪಾಕ್ಸಿ ಬಟ್ಟೆಯ ಎಳೆಗಳ ನಡುವಿನಿಂದ ಮೇಲೆ ಒಸರಿದಾಗ ಬಟ್ಟೆಯ ಬಣ್ಣ ಮಂಕು ಕಪ್ಪಿನಿಂದ ಒದ್ದೆ ಕಪ್ಪಿಗೆ ತಿರುಗುತ್ತದೆ. ಕೊನೆಯಲ್ಲಿ ಒಂದು ತುದಿ ಇನ್ನೊಂದರ ಮೇಲೆ ಒಂದು ಗೇಣಿನಷ್ಟು ಹತ್ತಬೇಕು. ಈ ಕೆಲಸ ಮಾಡಿದ ಇಬ್ಬರು ಉತ್ತರ ಕರ್ನಾಟಕದ ಹುಡುಗರ ಕೈ ನೋಡುವಂಥದ್ದು. ಒಂದು ಸುಕ್ಕಿಲ್ಲ.

ನೀರಿನಲ್ಲಿರುವ ಎರಡು ಕಂಬಗಳದ್ದು ಬೇರೆ ವಿಧಾನ. ಉಬ್ಬರ ದಿನಕ್ಕೆರಡು ಸಲ ಬರುವ ಜಾಗದಲ್ಲಿ ಎಪಾಕ್ಸಿ ಬಳಿದು ಒಣಗಿಸುತ್ತೇವೆ ಅನ್ನುವ ಮಾತು ಸುಳ್ಳು. ದಡದ ಕಂಬಗಳಿಗೆ ಮರಳು ಚೀಲ ಪೇರಿಸಿ, ಪಂಪ್ ಇಟ್ಟು ಹೇಗೋ ಒಣಗಿಸಿದರು. ನಡುವಿನವಕ್ಕೆ ಕಾರ್ಖಾನೆಯಲ್ಲೇ ತಯಾರಾದ ಗ್ಲಾಸ್ ಫೈಬರ್ ಕವಚ, ಎರಡು ಹೋಳು. ಮೊದಲು ಅಂಟಿದ್ದ ಚಿಪ್ಪನ್ನೆಲ್ಲ ಕೆರೆದರು. ಹೋಳುಗಳನ್ನು ಕಂಬದ ಸುತ್ತ ಜೋಡಿಸಿ, ಬೆಲ್ಟ್ ಬಿಗಿದು, ಕೆಳಗೆ ಸೀಲ್ ಹಾಕಿ, ಕಂಬಕ್ಕೂ ಕವಚಕ್ಕೂ ನಡುವಿನ ಸಂದಿಗೆ ಬುಡದಿಂದ ಗ್ರೌಟ್, ಅಂದರೆ ಸಂದಿ ತುಂಬುವ ಗಾರೆ, ಪಂಪ್ ಮಾಡಿದರು. ಗ್ರೌಟ್ ಏರಿದ ಹಾಗೆ ಒಳಗಿನ ನೀರು ಮೇಲಿನಿಂದ ಹೊರಚೆಲ್ಲುತ್ತದೆ. ಮೊದಲು ಕೆಸರು ನೀರು, ಆಮೇಲೆ ಬೂದು ನೀರು, ಕೊನೆಗೆ ಗಟ್ಟಿ ಗ್ರೌಟ್ ಬಂದಾಗ ನಿಲ್ಲಿಸಿದರು. ಕವಚ ಇಳಿತದ ಗೆರೆಯ ಕೆಳಗಿನಿಂದ ಉಬ್ಬರದ ಗೆರೆಯ ಮೇಲಿನವರೆಗೆ ಇದೆ. ಇಡೀ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆ.

ಮುಗಿದ ಮೇಲೆ ಪರೀಕ್ಷೆ. ನಾಣ್ಯದಿಂದ ತಟ್ಟುತ್ತಾ ಹೋದರೆ ಅಂಟದ ಜಾಗದಲ್ಲಿ ಟೊಳ್ಳು ಶಬ್ದ ಬರುತ್ತದೆ. ಮೂರನೇ ಕಂಬದಲ್ಲಿ ಬಂತು. ಅದೇ ಎಸಿಐ ಪುಸ್ತಕದ ಪ್ರಕಾರ ಟೊಳ್ಳು 16,000 ಚದರ ಮಿಲಿಮೀಟರ್‌ಗಿಂತ ದೊಡ್ಡದಿದ್ದರೆ, ಅಂದರೆ ಸುಮಾರು 12-13 ಸೆಂಟಿಮೀಟರ್ ಉದ್ದಗಲ, ಕತ್ತರಿಸಿ ತೆಗೆದು ಹೊಸ ತೇಪೆ ಹಾಕಬೇಕು. ಅದಕ್ಕಿಂತ ಚಿಕ್ಕದಾದರೆ ಎಪಾಕ್ಸಿ ಇಂಜೆಕ್ಷನ್ ಸಾಕು, ತೀರಾ ಸಣ್ಣವು ಒಂದೆರಡಾದರೆ ಬಿಡಬಹುದು. ನಮ್ಮದು ದೊಡ್ಡದೇ. ಗೊಣಗಾಡದೆ ಕತ್ತರಿಸಿ ಮತ್ತೆ ಮಾಡಿಕೊಟ್ಟರು, ಬಿಲ್ಲಿಗೆ ಸೇರಿಸಲಿಲ್ಲ.

ಎಳೆದು ನೋಡುವ ಪರೀಕ್ಷೆಗೆ ಮಾತ್ರ ಸ್ವಲ್ಪ ಎಳೆದಾಡಿದರು. 50 ಮಿಲಿಮೀಟರ್ ಬಿಲ್ಲೆ ಅಂಟಿಸಿ, ಸುತ್ತ ಕೊರೆದು, ಯಂತ್ರದಿಂದ ಕಿತ್ತು ನೋಡುವುದು ಅದು. "ಕಂಬ ಪೂರ್ತಿ ಸುತ್ತಿದಾಗ ಅಂಟು ಅಷ್ಟು ಮುಖ್ಯ ಅಲ್ಲ ಮೇಡಂ, ಬಿಗಿತ ಮುಖ್ಯ" ಅಂದರು. ಅದು ನಿಜವೇ. ತೊಲೆಯ ಕೆಳಗಿನಿಂದ ಅಂಟಿಸುವ ಪಟ್ಟಿಯಲ್ಲಿ ಇರುವಷ್ಟು ಅಂಟು ಇಲ್ಲಿ ನಿರ್ಣಾಯಕ ಅಲ್ಲ. ಆದರೂ ಒಳಗಿನ ಕಾಂಕ್ರೀಟ್ ಹೇಗಿದೆ ಅಂತ ತಿಳಿಯಲು ಬೇರೆ ದಾರಿ ಏನಿದೆ? ಮಾಡಿಸಿದೆ. ಬಿಲ್ಲೆಯ ಜೊತೆ ಕಾಂಕ್ರೀಟ್ ಕಿತ್ತು ಬಂತು, ಅಂಟು ಬಿಡಲಿಲ್ಲ. ಬೇಕಿದ್ದುದು 1.4 ಮೆಗಾಪಾಸ್ಕಲ್, ಅದರ ಮೇಲೇ ಬಂತು.

ಇನ್ನು ದೂರು. ಬೆರೆಸಿ ಉಳಿದ ಎಪಾಕ್ಸಿ ಬಕೆಟ್ಟುಗಳನ್ನು, ಥಿನ್ನರ್ ತೊಳೆದ ನೀರನ್ನು ದಂಡೆಯಲ್ಲೇ ಚೆಲ್ಲಿದ್ದರು. ಅಲ್ಲಿ ನಮ್ಮ ಮಕ್ಕಳು ಏಡಿ ಹಿಡಿಯುತ್ತಾರೆ. ಹೇಳಿದ ಮೇಲೆ ಡ್ರಮ್ಮಿನಲ್ಲಿ ತುಂಬಿಸಿಕೊಂಡು ಹೋದರು, ಹೇಳದಿದ್ದರೆ ಇಲ್ಲ. ಬಿಸಿಲಿನಿಂದ ಎಪಾಕ್ಸಿ ಹಾಳಾಗದ ಹಾಗೆ ಮೇಲೆ ಹೊಡೆಯುವ ಬೂದು ಬಣ್ಣಕ್ಕೆ ತಿಂಗಳುಗಟ್ಟಲೆ ಕಾಯಿಸಿದರು, ಫೋನ್ ಮಾಡಿದರೆ "ಸ್ಟಾಕ್ ಇಲ್ಲ". ಇದಕ್ಕೆಲ್ಲ ಇನ್ನೊಂದು ಸ್ಟಾರ್ ಹೋಯಿತು. ಬೆಂಕಿಯ ಬಗ್ಗೆಯೂ ಅವರು ತಾವಾಗಿ ಏನೂ ಹೇಳಲಿಲ್ಲ. ಈ ಎಪಾಕ್ಸಿ 60-80 ಡಿಗ್ರಿ ಹೊತ್ತಿಗೇ ಮೆತ್ತಗಾಗಲು ಶುರುವಾಗುತ್ತದೆ. ಸೇತುವೆ ಕೆಳಗೆ ತೆಂಗಿನ ಒಣ ಮಡಲು ಸುಡುವುದನ್ನು ನಾವೇ ನಿಲ್ಲಿಸಿದೆವು. ಕಟ್ಟಡದೊಳಗಿನ ಕಂಬವಾದರೆ ಬೆಂಕಿ ತಡೆಯುವ ಪ್ಲಾಸ್ಟರ್ ಕೇಳಲೇಬೇಕು.

ಖರ್ಚು? ಒಡೆದು ಹೊಸ ಕಂಬ ಕಟ್ಟುವ ಎಸ್ಟಿಮೇಟ್ ನಮ್ಮ ಹತ್ತಿರ ಇತ್ತು, ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಆಯಿತು. ಒಟ್ಟು ಬಿಲ್ಲಿನಲ್ಲಿ ಕಾರ್ಬನ್ ಬಟ್ಟೆ ಮತ್ತು ಎಪಾಕ್ಸಿಯ ಪಾಲು ಅರ್ಧಕ್ಕಿಂತ ಕಡಿಮೆ. ಉಳಿದಿದ್ದು ಒಡೆಯುವುದು, ತೊಳೆಯುವುದು, ಸರಳು, ಮೈಕ್ರೊ ಕಾಂಕ್ರೀಟ್, ಜಾಕಿ ಬಾಡಿಗೆ, ಕವಚ. ನಿಮಗೆ ಬಂದ ಕೊಟೇಶನ್‌ನಲ್ಲಿ ಬಟ್ಟೆಯ ಸಾಲು ಒಂದೇ ದಪ್ಪಗಿದ್ದು, "ಸರ್ಫೇಸ್ ಪ್ರಿಪರೇಶನ್" ಅನ್ನುವುದು ಒಂದು ಚಿಕ್ಕ ಸಾಲಾಗಿದ್ದರೆ ಆ ಕಂಪನಿಯನ್ನು ಬಿಡಿ. ಅವರು ಹಾಳಾದ ಕಂಬಕ್ಕೆ ಅಂಗಿ ಹೊಲಿದು ಕೊಡುತ್ತಾರೆ ಅಷ್ಟೇ.

ಗ್ಯಾರಂಟಿ ಹತ್ತು ವರ್ಷ ಅಂತ ದೊಡ್ಡ ಅಕ್ಷರದಲ್ಲಿದೆ. ಸಣ್ಣ ಅಕ್ಷರದಲ್ಲಿ ಇರುವುದು: ಬಟ್ಟೆ ಏಳುವುದಕ್ಕೆ ಮಾತ್ರ, ಒಳಗೆ ತುಕ್ಕು ಬಂದರೆ ಇಲ್ಲ. ಹೊರಗಿನ ಉಪ್ಪು ಇನ್ನು ಒಳಗೆ ಹೋಗುವುದು ಕಷ್ಟ, ಆದರೆ ಮೂವತ್ತು ವರ್ಷದಿಂದ ಒಳಗೆ ಸೇರಿದ್ದು ಎಲ್ಲಿಗೂ ಹೋಗಿಲ್ಲ. ಅದಕ್ಕೇ ನಾನು ಎರಡು ಸಾಲು ಸೇರಿಸಿಸಿದೆ. ಕವಚದ ಮೇಲ್ತುದಿಯಲ್ಲಿ ಒಂದೊಂದು ವೈರ್ ಹೊರಗೆ ಬಿಡಬೇಕು, ಹಾಫ್ ಸೆಲ್ ಪರೀಕ್ಷೆಗೆ ಮುಂದೆ ಏನನ್ನೂ ಒಡೆಯದ ಹಾಗೆ. ಮತ್ತೆ ಬಿಲ್ಲಿನ ಐದು ಶೇಕಡ ನಮ್ಮ ಹತ್ತಿರವೇ ಇರಬೇಕು, ಎರಡು ಮಳೆಗಾಲ ಕಳೆದು ಅವರು ಬಂದು ತಟ್ಟಿ ನೋಡುವವರೆಗೆ. ಎರಡಕ್ಕೂ ಒಪ್ಪಿದರು. ಒಂದು ಮಳೆಗಾಲ ಆಗಿದೆ, ಹೊಸ ಕಂದು ಕಲೆ ಎಲ್ಲೂ ಇಲ್ಲ. ದುಡ್ಡು ಸೇತುವೆ ಖಾತೆಯಲ್ಲೇ ಇದೆ. ಮುಂದಿನ ದೀಪಾವಳಿ ಮುಗಿದ ಮೇಲೆ ಬಂದು ರಿಪೋರ್ಟ್ ಕೊಟ್ಟರೆ ಚೆಕ್ ಬರೆಯುತ್ತೇನೆ.